ಊರಿಗೆ ಬಂದ ಯೋಧರ ಕುಡಿತಕ್ಕೆ ನಮ್ಮ ಜಿಲ್ಲೇಲೇ ಚಿಕಿತ್ಸೆ ಸಿಗಲಿ

ಸಂಪಾದಕರಿಗೆ ನಮಸ್ಕಾರ,

ರಿಟೈರ್ ಆಗಿ ಬಂದ ಯೋಧನಿಗೆ ದಾವಣಗೆರೆ ಸ್ಟೇಷನ್ನಲ್ಲಿ ಹಾರ ಹಾಕಿ ತೆರೆದ ಜೀಪಲ್ಲಿ ಊರಿಗೆ ಮೆರವಣಿಗೆ ಮಾಡ್ಕೊಂಡು ಹೋಗೋ ಫೋಟೋ ನಿಮ್ಮ ಪೇಪರಲ್ಲಿ ಆಗಾಗ ಬರುತ್ತೆ, ನೋಡಿದಾಗಲೆಲ್ಲ ಖುಷಿ ಆಗುತ್ತೆ. ಆದ್ರೆ ಅದೇ ಮನುಷ್ಯ ಎರಡ್ಮೂರು ವರ್ಷದಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಗಿಸ್ತಾ ಬಾಟ್ಲಿ ಹುಡುಕೋ ಸ್ಥಿತಿಗೆ ಬಂದ್ರೆ ಅವನ ಹೆಂಡ್ತಿ ಮಕ್ಕಳು ಎಲ್ಲಿಗೆ ಹೋಗ್ಬೇಕು, ಯಾರನ್ನ ಕೇಳ್ಬೇಕು? ಇದನ್ನ ಯಾರೂ ಮಾತಾಡಲ್ಲ. ನಾನು ಆರ್ಮಿ ಮೆಡಿಕಲ್ ಕೋರಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು, ಈಗ ಜಗಳೂರು ಕಡೆ ಊರಲ್ಲಿದ್ದೀನಿ, ಅಲ್ಲಿ ಎಂ.ಐ. ರೂಮಲ್ಲಿ (ಯೂನಿಟ್ಟಿನ ಸಣ್ಣ ದವಾಖಾನೆ) ನೋಡಿದ್ದನ್ನೇ ಇಲ್ಲಿ ಪಡಸಾಲೆಗಳಲ್ಲಿ ನೋಡ್ತಿದ್ದೀನಿ, ಅದಕ್ಕೇ ಬರೀತಿದ್ದೀನಿ.

ಮೊದಲೇ ಹೇಳ್ಬಿಡ್ತೀನಿ, ಮಿಲ್ಟ್ರಿಯವ್ರೆಲ್ಲ ಕುಡುಕರು ಅನ್ನೋದು ಶುದ್ಧ ಸುಳ್ಳು. ನನ್ನ ಜೊತೆ ಇದ್ದವರಲ್ಲಿ ಒಂದು ತೊಟ್ಟು ಮುಟ್ಟದವರು ಎಷ್ಟೋ ಜನ ಇದ್ರು. ಆದ್ರೆ ಕುಡಿಯೋಕೆ ಅವಕಾಶ ಇರೋದು ನಿಜ, ಬಡಾಖಾನಾದಲ್ಲಿ, ಅಂದ್ರೆ ಯೂನಿಟ್ಟಿನವ್ರೆಲ್ಲ ಸೇರೋ ಔತಣದಲ್ಲಿ, ಪೆಗ್ ಇರುತ್ತೆ, ಮಿಲ್ಟ್ರಿ ಕ್ಯಾಂಟೀನಲ್ಲಿ ಹೊರಗಡೆಗಿಂತ ಕಮ್ಮಿ ರೇಟಿಗೆ ಸಿಗುತ್ತೆ, ಮನೆಯಿಂದ ದೂರ, ನಿದ್ದೆ ಇಲ್ಲದ ಡ್ಯೂಟಿ, ಜೊತೆಗಾರ ಕಣ್ಣೆದುರೇ ಹೋದ ನೋವು, ಇವೆಲ್ಲ ಸೇರ್ಕೊಂಡಾಗ ಕೆಲವರಿಗೆ ಅದು ಅಭ್ಯಾಸ ಆಗಿ ಕೂತ್ಬಿಡುತ್ತೆ. ಚಳಿಗೆ ರಮ್ ಬೇಕೇ ಬೇಕು ಅಂತ ಊರಲ್ಲೂ ಹೇಳ್ತಾರಲ್ಲ, ಅದು ತಪ್ಪು ತಿಳುವಳಿಕೆ. ಕುಡಿದಾಗ ಚರ್ಮದ ರಕ್ತನಾಳ ಅಗಲ ಆಗಿ ಬೆಚ್ಚಗಾದ ಹಾಗೆ ಅನ್ಸುತ್ತೆ ಅಷ್ಟೆ, ಒಳಗಿನ ಶಾಖ ಹೊರಗೆ ಹೋಗಿ ಮೈ ಇನ್ನೂ ತಣ್ಣಗಾಗುತ್ತೆ.

ಹಾಗಾದ್ರೆ ಸರ್ವಿಸಲ್ಲಿ ಇದ್ದಾಗಲೇ ಯಾಕೆ ಟ್ರೀಟ್ಮೆಂಟ್ ತಗೊಳ್ಳಲ್ಲ ಅಂತ ಕೇಳ್ಬಹುದು. ಹೆದರಿಕೆ. ಆರ್ಮಿ ಆಕ್ಟ್ 1950ರ 48ನೇ ಸೆಕ್ಷನ್ ಪ್ರಕಾರ ಡ್ಯೂಟಿ ಮೇಲಿರಲಿ ಇಲ್ಲದಿರಲಿ ಅಮಲಲ್ಲಿ ಸಿಕ್ಕಿಬಿದ್ರೆ ಅಪರಾಧ. ಆರೋಗ್ಯಾನ ಅಲ್ಲಿ ಶೇಪ್ ಅಂತ ಐದು ಅಕ್ಷರದಲ್ಲಿ ಅಳೀತಾರೆ, ಮೊದಲ್ನೇ ಎಸ್ ಮನಸ್ಸಿಗೆ ಸಂಬಂಧಪಟ್ಟಿದ್ದು, ಕುಡಿತದ ಕಾಯಿಲೆ ಅಂತ ಆಸ್ಪತ್ರೆ ಸೇರಿದ್ರೆ ಆ ಎಸ್ ಕೆಳಗಿಳಿದು ಲೋ ಮೆಡಿಕಲ್ ಕೆಟಗರಿ ಆಗುತ್ತೆ, ಪ್ರಮೋಷನ್ನಿಗೆ ಅಡ್ಡ ಬರುತ್ತೆ. ಡಿಸಬಿಲಿಟಿ ಪೆನ್ಷನ್ ನಿಯಮದಲ್ಲೂ ಅತಿಯಾಗಿ ಕುಡಿದು ಬಂದ ತೊಂದರೆಗೆ ಪರಿಹಾರ ಇಲ್ಲ, ಅದು ಅವನ ಕೈಲೇ ಇದ್ದ ವಿಷಯ ಅಂತ. ಗನ್ನು ಹಿಡಿಯೋ ಕೆಲಸ, ಕಟ್ಟುನಿಟ್ಟು ಇರ್ಲೇಬೇಕು, ಅದನ್ನ ನಾನು ಒಪ್ತೀನಿ. ಆದ್ರೆ ಇದರಿಂದ ಆಗೋದೇನಂದ್ರೆ ಹುಡುಗ ಬಾಯ್ಬಿಡಲ್ಲ, ಮುಚ್ಚಿಟ್ಕೊಂಡು ಪೆನ್ಷನ್ ಬರೋ ತನಕ ಹೆಂಗೋ ತಳ್ತಾನೆ, ಕಾಯಿಲೆ ಅವನ ಟ್ರಂಕ್ ಜೊತೆಗೇ ಊರಿಗೆ ಬರುತ್ತೆ.

ಊರಿಗೆ ಬಂದಾಗ ವಯಸ್ಸು ಎಷ್ಟು? ಜವಾನರು ಬಹಳಷ್ಟು ಜನ 35ರಿಂದ 40ರೊಳಗೇ ಬಂದ್ಬಿಡ್ತಾರೆ. ಬೆಳಿಗ್ಗೆ ಪಿ.ಟಿ., ಸಂಜೆ ರೋಲ್ ಕಾಲ್, ಇಷ್ಟು ಹೊತ್ತಿಗೆ ಊಟ, ಇಷ್ಟು ಹೊತ್ತಿಗೆ ನಿದ್ದೆ ಅಂತ ಹದಿನೈದು ಹದಿನೇಳು ವರ್ಷ ಬದುಕಿದವನಿಗೆ ಇದ್ದಕ್ಕಿದ್ದಂಗೆ ಇಡೀ ದಿನ ಖಾಲಿ. ಹೊಲದ ಕೆಲಸ ತಮ್ಮನ ಕೈಗೆ ಹೋಗಿರುತ್ತೆ, ಮಕ್ಕಳಿಗೆ ಅಪ್ಪ ಅಂದ್ರೆ ರಜೆಗೆ ಬರೋ ನೆಂಟ ಆಗಿರ್ತಾನೆ, ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ ಹೋಗೋಕೆ ಮನಸ್ಸು ಒಪ್ಪಲ್ಲ. ಇದರ ಮೇಲೆ ನಮ್ಮೂರ ಜನಾನೇ ಅವನನ್ನ ಬಿಡಲ್ಲ. ರಜೆಗೆ ಬಂದಾಗಿಂದ್ಲೂ ಕೇಳೋದೇ "ಏನಣ್ಣ, ಮಿಲ್ಟ್ರಿ ಎಣ್ಣೆ ತಂದಿದ್ಯಾ ಇಲ್ವಾ" ಅಂತ, ಹೊಲದ ಸರ್ವೆಗೆ ಬಂದವ್ರಿಗೂ ಒಂದು ಬಾಟ್ಲಿ, ಮಾವನ ಮನೆ ಕಡೆಯವ್ರಿಗೂ ಒಂದು ಬಾಟ್ಲಿ, ಕೊಡದಿದ್ರೆ ಬದಲಾಗ್ಬಿಟ್ಟ ಅಂತಾರೆ. ಜಾತ್ರೆ, ಮದುವೆ, ಎಲೆಕ್ಷನ್ನು, ಎಲ್ಲದಕ್ಕೂ ಅವನ ಕ್ಯಾಂಟೀನ್ ಕಾರ್ಡೇ ನೆನಪಾಗೋದು. ಕುಡಿತ ಬಿಡ್ಬೇಕು ಅಂತ ಇರೋನಿಗೂ ಪ್ರತಿ ತಿಂಗಳು ಬಾಟ್ಲಿ ತಂದು ಮನೇಲಿಡೋ ಹಾಗೆ ಮಾಡ್ತೀವಿ, ಆಮೇಲೆ ಅವನು ಬಸ್ ಸ್ಟ್ಯಾಂಡಲ್ಲಿ ಬಿದ್ರೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕ್ತೀವಿ.

ಅಮೆರಿಕದವರು ವಿಯೆಟ್ನಾಂನಿಂದ ವಾಪಸ್ ಬಂದ ಸೈನಿಕರನ್ನ 1970ರ ದಶಕದಲ್ಲಿ ಹಿಂಬಾಲಿಸಿ ನೋಡಿದ್ರು, ಲೀ ರಾಬಿನ್ಸ್ ಅನ್ನೋ ಮಹಿಳೆ ಮಾಡಿದ ಅಧ್ಯಯನ ಅದು. ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದವರಲ್ಲಿ ಬಹುಪಾಲು ಜನ ಊರು ಸೇರಿದ ಮೇಲೆ ಮತ್ತೆ ಆ ಚಟಕ್ಕೆ ಬೀಳ್ಲಿಲ್ಲ, ಯಾಕಂದ್ರೆ ಆ ಜಾಗ, ಆ ಯುದ್ಧ, ಅಷ್ಟು ಸುಲಭವಾಗಿ ಸಿಗ್ತಿದ್ದ ಮಾಲು, ಎಲ್ಲ ಹಿಂದೆ ಉಳೀತು. ನಮ್ಮಲ್ಲಿ ಉಲ್ಟಾ. ಹಿಂದೆ ಉಳಿಯೋದು ಶಿಸ್ತು, ಜೊತೆಗೆ ಬರೋದು ಬಾಟ್ಲಿ. ಸುತ್ತಲಿನ ವಾತಾವರಣ ಇಷ್ಟು ಕೆಲಸ ಮಾಡುತ್ತೆ ಅಂದ್ಮೇಲೆ ಅದನ್ನ ಸರಿ ಮಾಡೋ ಜವಾಬ್ದಾರಿ ಊರಿನ ಮೇಲೂ ಇದೆ.

ಈಗ ಒಂದು ವಿಷಯ ದಯವಿಟ್ಟು ಪೂರ್ತಿ ಪ್ರಿಂಟ್ ಮಾಡಿ, ಕಟ್ ಮಾಡ್ಬೇಡಿ, ಯಾಕಂದ್ರೆ ಇದರಿಂದ ಜೀವ ಹೋಗುತ್ತೆ. ದಿನಾ ಜಾಸ್ತಿ ಕುಡಿಯೋನ ಕುಡಿತಾನ ಡಾಕ್ಟರ್ ಇಲ್ದೆ ಒಂದೇ ಸಲ ನಿಲ್ಲಿಸ್ಬಾರ್ದು. ನಮ್ಮ ಕಡೆ ಏನ್ಮಾಡ್ತಾರೆ, ನಾಯಕನಹಟ್ಟಿ ತಿಪ್ಪೇಸ್ವಾಮಿ ಗುಡಿಲಿ ಆಣೆ ಹಾಕಿಸ್ತಾರೆ, ಇಲ್ಲಾ ರೂಮಿಗೆ ಹಾಕಿ ಬೀಗ ಜಡೀತಾರೆ. ಆಣೆ ಹಾಕಿದ ಮನಸ್ಸು ಒಳ್ಳೇದೇ, ಭಕ್ತಿಯಿಂದ ಬಿಟ್ಟವರೂ ಇದ್ದಾರೆ, ಆದ್ರೆ ಮೈ ಕೇಳಲ್ಲ. ಕೊನೇ ಸಲ ಕುಡಿದ ಆರೆಂಟು ಗಂಟೇಲಿ ನಡುಕ, ಬೆವರು ಶುರು ಆಗುತ್ತೆ, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರ್ಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣೋದು, ಯಾರೋ ಹೊಡೆಯೋಕೆ ಬರ್ತಿದ್ದಾರೆ ಅಂತ ಕಿರುಚೋದು, ಜ್ವರ, ಎದೆಬಡಿತ ಎಲ್ಲ ಏರುತ್ತೆ. ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಚಿಕಿತ್ಸೆ ಸಿಗದಿದ್ರೆ ಸಾವೂ ಬರುತ್ತೆ. ಮಾಜಿ ಸೈನಿಕನಿಗೆ ಹೀಗಾದಾಗ ಮನೆಯವ್ರು "ಗಾಳಿ ಸೋಕೈತೆ" ಅಂತ ಮಂತ್ರಿಸೋರ ಹತ್ರ ಕರ್ಕೊಂಡು ಹೋಗಿದ್ದನ್ನ ನಾನು ಕಂಡಿದ್ದೀನಿ. ಇದಕ್ಕೆ ಬೇಕಾಗಿದ್ದು ಡಯಾಜೆಪಾಂ, ಕ್ಲೋರ್‌ಡಯಾಜೆಪಾಕ್ಸೈಡ್ ಥರದ ಮಾತ್ರೆ ಡಾಕ್ಟರ್ ಕಣ್ಣೆದುರಲ್ಲಿ ಕೆಲವು ದಿನ, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್ನು. ಆ ಬಿ1 ಕೊಡದಿದ್ರೆ ಮೆದುಳಿಗೆ ಏಟು ಬಿದ್ದು ನೆನಪಿನ ಶಕ್ತಿ ಪೂರ್ತಿ ಹೋಗೋದೂ ಉಂಟು. ಇಷ್ಟು ಸಣ್ಣ ಔಷಧಿ, ಇಷ್ಟು ದೊಡ್ಡ ಅನಾಹುತ.

ಇನ್ನೊಂದು ಪ್ರಾರ್ಥನೆ ನಿಮ್ಮ ಪೇಪರಿಗೇ. "ಕುಡಿಯೋರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅನ್ನೋ ಜಾಹೀರಾತುಗಳನ್ನ ತಗೋಬೇಡಿ. ಕುಡಿದ್ರೆ ಮೈಗೆ ಒಗ್ಗದ ಹಾಗೆ ಮಾಡೋ ಡೈಸಲ್ಫಿರಾಂ ಅಂತ ಮಾತ್ರೆ ಇದೆ, ಅದನ್ನ ರೋಗಿಗೆ ಹೇಳಿ, ಅವನ ಒಪ್ಪಿಗೆ ತಗೊಂಡೇ ಕೊಡ್ಬೇಕು. ಗೊತ್ತಿಲ್ದೆ ಸಾರಲ್ಲಿ ಬೆರೆಸಿಕೊಟ್ಟು ಅದರ ಮೇಲೆ ಅವನು ಕುಡಿದ್ರೆ ಬಿ.ಪಿ. ಕುಸಿದು ಜೀವಕ್ಕೇ ಕುತ್ತು. ಹಾಗೇ ಕೆಲವು ಖಾಸಗಿ ಸೆಂಟರುಗಳಲ್ಲಿ ಹೊಡೆದು ಬಡಿದು ಕಟ್ಟಿಹಾಕಿ "ಸರಿ ಮಾಡ್ತೀವಿ" ಅಂತಾರಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಯಾರನ್ನೇ ಆಗ್ಲಿ ಸರಪಳಿಲಿ ಕಟ್ಟೋದನ್ನ ನಿಷೇಧ ಮಾಡಿದೆ, ಕುಡಿತ ಮತ್ತು ಡ್ರಗ್ಸಿಂದ ಬರೋ ಮಾನಸಿಕ ತೊಂದರೇನೂ ಆ ಕಾಯ್ದೆ ಒಳಗೇ ಬರುತ್ತೆ. ಮನೆಯವ್ರಿಗೆ ಇದು ಗೊತ್ತಿರ್ಲಿ.

ಏನೂ ವ್ಯವಸ್ಥೆ ಇಲ್ಲ ಅಂತಲ್ಲ. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಸೈನ್ಯದವ್ರಿಗೆ ಮತ್ತು ಅವರ ಮನೆಯವ್ರಿಗೆ ಅಂತಲೇ ಪುಣೆಯ ಎ.ಎಫ್.ಎಂ.ಸಿ.ಯಲ್ಲಿ (ಸೇನೆಯ ಮೆಡಿಕಲ್ ಕಾಲೇಜು) 2023ರ ಡಿಸೆಂಬರಲ್ಲಿ ಇದರದ್ದೇ ಬೇರೆ ಸೆಲ್ ಶುರು ಆಯ್ತು. 14446 ವ್ಯಸನಮುಕ್ತಿ ಸಹಾಯವಾಣಿ. ಪೆನ್ಷನರಿಗೆ 2003ರಿಂದ ಇ.ಸಿ.ಎಚ್.ಎಸ್. ಅನ್ನೋ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ಧರ್ಮಸ್ಥಳದವರ ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತೆ, ಅಲ್ಲಿಂದ ಬಂದವರು ಗುಂಪಾಗಿ ಒಬ್ಬರನ್ನೊಬ್ಬರು ವಿಚಾರಿಸ್ಕೊಳ್ಳೋದು ನನಗೆ ಬಹಳ ಹಿಡಿಸುತ್ತೆ, ಯೂನಿಟ್ಟಲ್ಲಿ ಇದ್ದ ಹಾಗೆ. ಆದ್ರೆ ಗಂಭೀರ ಕೇಸ್ ಅಂದ್ರೆ ಇವತ್ತಿಗೂ ಎಲ್ಲರೂ ಹೇಳೋದು ನಿಮ್ಹಾನ್ಸಿಗೆ ಹೋಗಿ ಅಂತ. ದಾವಣಗೆರೆಯಿಂದ 260 ಕಿಲೋಮೀಟರು, ನಡುಗೋ ಮನುಷ್ಯನನ್ನ ಕೂರಿಸ್ಕೊಂಡು ಒಬ್ಬ ಹೆಣ್ಮಗಳು ಬೆಂಗಳೂರಿಗೆ ಹೆಂಗೆ ಹೋಗ್ತಾಳೆ, ಫಾಲೋಅಪ್ಪಿಗೆ ಎಷ್ಟು ಸಲ ಹೋಗ್ತಾಳೆ. ಒಂದು ವಾರ ಅಡ್ಮಿಟ್ ಮಾಡಿ ಕಳಿಸಿದ್ರೆ ಮುಗಿಯೋ ಕಾಯಿಲೆ ಅಲ್ಲ ಇದು, ಆಮೇಲೆ ಮತ್ತೆ ಕುಡಿತಕ್ಕೆ ಬೀಳದ ಹಾಗೆ ನೆರವಾಗೋ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆ ತಿಂಗಳುಗಟ್ಲೆ, ಕೌನ್ಸೆಲಿಂಗು, ನಡುವೆ ಮತ್ತೆ ಕುಡಿದ್ರೆ ಬೈದು ಓಡಿಸದೆ ಮತ್ತೆ ಸೇರಿಸ್ಕೊಳ್ಳೋದು, ಇವೆಲ್ಲ ಬೇಕು. ದಾವಣಗೆರೆ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗ ಜಿಲ್ಲಾಸ್ಪತ್ರೆ ಎರಡರಲ್ಲೂ ಇದಕ್ಕೆ ಪ್ರತ್ಯೇಕ ಬೆಡ್‌ಗಳು, ಮಾಜಿ ಸೈನಿಕರಿಗೆ ವಾರದಲ್ಲಿ ಒಂದು ದಿನ ಮೀಸಲು ಓಪಿಡಿ, ಆ ಮಾತ್ರೆಗಳು ಯಾವಾಗ್ಲೂ ಸ್ಟಾಕಲ್ಲಿ ಇರೋ ಹಾಗೆ ಮಾಡ್ಬೇಕು.

ತಡ ಮಾಡೋಕಾಗಲ್ಲ, ಯಾಕಂದ್ರೆ ನಾಲ್ಕೇ ವರ್ಷಕ್ಕೆ ಅಂತ ಸೈನ್ಯಕ್ಕೆ ತಗೊಳ್ಳೋ ಅಗ್ನಿವೀರರ ವಿಷಯ ಇದೆ. 2023ರ ಶುರುವಲ್ಲಿ ಟ್ರೇನಿಂಗಿಗೆ ಸೇರಿದ ಮೊದಲ ಬ್ಯಾಚಿನ ನಾಲ್ಕು ವರ್ಷ ಮುಗಿಯೋದು 2026ರ ಕೊನೆ, 2027ರ ಶುರುವಿನ ಹೊತ್ತಿಗೆ. ಯೋಜನೆ ಘೋಷಣೆ ಆದಾಗಿನ ನಿಯಮದ ಪ್ರಕಾರ ಶೇ 25ರಷ್ಟು ಜನರನ್ನ ಉಳಿಸ್ಕೊಂಡು ಉಳಿದವ್ರನ್ನ ಮನೆಗೆ ಕಳಿಸ್ತಾರೆ, ಪೆನ್ಷನ್ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನಮಾನ ಇಲ್ಲ, ಇ.ಸಿ.ಎಚ್.ಎಸ್. ಇಲ್ಲ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗರು, ಕೈಯಲ್ಲಿ ಬಿಡುವಾಗ ಕೊಡೋ ಸೇವಾನಿಧಿಯ ಹನ್ನೊಂದು ಲಕ್ಷ ಚಿಲ್ಲರೆ, ಮುಂದೇನು ಅಂತ ಗೊತ್ತಿಲ್ಲದ ತಲೆ, ಸುತ್ತ ಪಾರ್ಟಿ ಕೇಳೋ ಗೆಳೆಯರು. ಇವರ ವಯಸ್ಸಿಗೆ ಎಣ್ಣೆ ಒಂದೇ ಅಲ್ಲ, ಗಾಂಜಾ, ನೋವಿನ ಮಾತ್ರೆ ಎಲ್ಲಾನೂ ಹತ್ರದಲ್ಲೇ ಇದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯೂ ಆರೋಗ್ಯ ಇಲಾಖೆಯೂ ಈಗಲೇ ಕೂತು ತಾಲ್ಲೂಕುವಾರು ಪಟ್ಟಿ ಮಾಡ್ಬೇಕು, ಬಂದ ಮೊದಲ ತಿಂಗಳಲ್ಲೇ ಪ್ರತಿಯೊಬ್ಬನನ್ನೂ ಒಂದ್ಸಲ ಕೂರಿಸ್ಕೊಂಡು ನಿದ್ದೆ ಬರುತ್ತೇನಪ್ಪ, ಕುಡೀತೀಯ, ಎಷ್ಟು ಅಂತ ಕೇಳೋ ಒಬ್ಬ ಕೌನ್ಸೆಲರ್ ಬೇಕು, ಕೇಳೋನು ಹಳೇ ಫೌಜಿ ಆದ್ರೆ ಹುಡುಗರು ಬಾಯ್ಬಿಡ್ತಾರೆ. ಆ ಕೆಲಸಕ್ಕೆ ಸಂಬಳ ಇಲ್ದೆ ಬರೋಕೆ ನಾನೂ ನನ್ನ ಜೊತೆಯ ಕೆಲವರೂ ತಯಾರಿದ್ದೀವಿ. ಈ ಪತ್ರದ ಕಾಪಿಯನ್ನ ಎರಡೂ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೂ ಡಿ.ಎಚ್.ಓ. (ಜಿಲ್ಲಾ ಆರೋಗ್ಯಾಧಿಕಾರಿ) ಅವರಿಗೂ ಕಳಿಸ್ತಿದ್ದೀನಿ.

ಇಂತಿ,
ಒಬ್ಬ ಮಾಜಿ ಸೈನಿಕ, ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ