ಚಳಿಗೆ ಮನೆ ಬೆಚ್ಚಗಿರಲಿ, ಕೆಂಡ ಮಾತ್ರ ಮಲಗುವ ಕೋಣೆಗೆ ಬೇಡ

ಪೋಷಕರಿಗೆ ನಮಸ್ಕಾರ.

ಕಾಫಿ ಕೊಯ್ಲಿನ ಜೊತೆಗೇ ಚಳಿಯೂ ಜೋರಾಗಿದೆ. ರಾತ್ರಿ ಕೆಂಡದ ಬಾಂಡ್ಲಿಯನ್ನು ಕೋಣೆಯಲ್ಲಿಟ್ಟು, ಬಾಗಿಲು ಹಾಕಿ ಮಲಗುತ್ತೇವೆ ಎಂದು ಕೆಲವು ಮಕ್ಕಳು ತರಗತಿಯಲ್ಲಿ ಹೇಳಿದರು. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅದಕ್ಕೇ ಈ ಪತ್ರ.

ದಯವಿಟ್ಟು ಹಾಗೆ ಮಾಡಬೇಡಿ. ಹೊಗೆ ಇಲ್ಲ, ಬರೀ ಕೆಂಡ ತಾನೇ ಎಂದು ನಮಗೆ ಅನ್ನಿಸುತ್ತದೆ. ಆದರೆ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಗೆ ಹೋಗಿ, ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದುಬಿಡುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಂತಿ ಬರಬಹುದು. ನಿದ್ದೆಯಲ್ಲಿದ್ದವರಿಗೆ ಏನೂ ಗೊತ್ತಾಗುವುದಿಲ್ಲ, ಜೀವವೇ ಹೋಗಬಹುದು. ಕಿಟಕಿ ಸ್ವಲ್ಪ ತೆರೆದಿದ್ದೇವಲ್ಲ ಎಂಬ ಧೈರ್ಯವೂ ಬೇಡ. ಲೈನ್ ಮನೆಯ ಸಣ್ಣ ಕೋಣೆಗಳಲ್ಲಂತೂ ಅಪಾಯ ಇನ್ನೂ ಜಾಸ್ತಿ. ಬೆಂಕಿ ಕಾಯಿಸುವುದಿದ್ದರೆ ಅಂಗಳದಲ್ಲಿ ಕಾಯಿಸಿ, ಪೂರ್ತಿ ಆರಿಸಿ ಒಳಗೆ ಬನ್ನಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಭಯ. ಅದು ಬಚ್ಚಲಿನ ಹೊರಗಿರಬೇಕು.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಂತಿ ಶುರುವಾದರೆ ಗ್ಯಾಸ್ಟ್ರಿಕ್ ಎಂದು ಸುಮ್ನೆ ಕೂರಬೇಡಿ. ಎಲ್ಲರನ್ನೂ ಹೊರಗೆ ಕರೆತಂದು 108ಕ್ಕೆ ಫೋನ್ ಮಾಡಿ.

ಹಾಗಾದರೆ ಬೆಚ್ಚಗಿರುವುದು ಹೇಗೆ? ಮೊದಲು ನೆಲ ನೋಡಿ. ಹೊದೆಯಲು ಎರಡು ಕಂಬಳಿ ಕೊಟ್ಟು, ಸಿಮೆಂಟ್ ನೆಲದ ಮೇಲೆ ಒಂದೇ ಚಾಪೆ ಹಾಕಿದರೆ ಚಳಿ ಕೆಳಗಿನಿಂದ ಹತ್ತುತ್ತದೆ. ಒಣಗಿದ ಗೋಣಿಚೀಲ ಹಾಸಿ, ಅದರ ಮೇಲೆ ಚಾಪೆ, ಆಮೇಲೆ ಹಾಸಿಗೆ. ದಪ್ಪದ್ದು ಒಂದು ಬಟ್ಟೆ ಹಾಕುವುದಕ್ಕಿಂತ ತೆಳ್ಳನೆಯ ಎರಡು ಮೂರು ಒಂದರ ಮೇಲೊಂದು ಹಾಕಿದರೆ ಒಳ್ಳೆಯದು, ನಡುವಿನ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಮಧ್ಯಾಹ್ನ ಕಿಟಕಿ ತೆರೆದು ಬಿಸಿಲು ಬಿಡಿ, ಸಂಜೆ ಬಿಸಿಲು ಇಳಿಯುವ ಮೊದಲೇ ಮುಚ್ಚಿ. ಕಂಬಳಿಗಳನ್ನೂ ಬಿಸಿಲಿಗೆ ಹಾಕಿ. ಬಾಗಿಲಡಿಯ ಸಂದಿಗೆ ಹಳೇ ಬಟ್ಟೆ ಸುತ್ತಿಟ್ಟರೆ ಸಾಕು. ರಾತ್ರಿ ಬಿಸಿ ಗಂಜಿಯೋ ಮೆಣಸಿನ ಸಾರೋ ಇರಲಿ.

ಸ್ನಾನದ ನೀರಿನ ಬಗ್ಗೆಯೂ ಒಂದು ಮಾತು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು ಹಾಕಿ. ಚಿಕ್ಕ ಮಕ್ಕಳನ್ನು ಬಚ್ಚಲ ಒಲೆಯ ಹತ್ತಿರ ಒಬ್ಬರನ್ನೇ ಬಿಡಬೇಡಿ.

ಚಳಿ ಕಡಿಮೆಯಾಗುವವರೆಗೆ ಬೆಳಗಿನ ಪ್ರಾರ್ಥನೆ ತರಗತಿಯಲ್ಲೇ ನಡೆಯುತ್ತದೆ. ಸ್ವೆಟರ್ ಯಾವ ಬಣ್ಣದ್ದಾದರೂ ಪರವಾಗಿಲ್ಲ, ಟೋಪಿ, ಮಫ್ಲರ್ ಹಾಕಿಯೇ ಕಳಿಸಿ. ಒದ್ದೆ ಸಾಕ್ಸ್ ಹಾಕಿ ಮಾತ್ರ ಕಳಿಸಬೇಡಿ, ಒಣಗದಿದ್ದರೆ ಚಪ್ಪಲಿಯಲ್ಲೇ ಬರಲಿ. ಮನೆಯಲ್ಲಿ ಸ್ವೆಟರ್ ಅಥವಾ ಕಂಬಳಿ ಸಾಲದಿದ್ದರೆ ಸಂಕೋಚ ಪಡದೆ ನನಗೆ ತಿಳಿಸಿ. ವ್ಯವಸ್ಥೆ ಮಾಡೋಣ. ವಿಷಯ ಬೇರೆ ಮಕ್ಕಳ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತೇನೆ.

ಓದಲು ಬಾರದ ಅಕ್ಕಪಕ್ಕದವರಿಗೆ ಕೆಂಡದ ವಿಷಯವನ್ನು ಇವತ್ತೇ ಹೇಳಿ.

ಇಂತಿ,
ಮುಖ್ಯ ಶಿಕ್ಷಕಿ