ಐದು ತಿಂಗಳು ನಮ್ಮನಿ ಒಲಿ ಆರಗೊಡದವರಿಗೆ

ಎಲ್ಲಾರಿಗೂ ಪ್ರಭುವಿನ ನಾಮದಾಗ ವಂದನೆ. ಇವತ್ತ್ ಮುಂಜಾನಿ ಐದು ತಿಂಗಳಾದ್ಮ್ಯಾಲ ಫಸ್ಟ್ ಟೈಮ್ ಟಾಟಾ ಏಸ್ ಚಾಲೂ ಮಾಡಿ ಗಾಂಧಿ ಗಂಜ್ ಮಾರ್ಕೆಟಿಗಿ ಹೋಗಿ ಬಂದೆ. ಲೋಡ್ ಸಣ್ಣದೇ, ನಾಕ್ ಚೀಲ ತೊಗರಿ, ಆದ್ರ ಬಾಡಿಗಿ ರೊಕ್ಕ ಕೈಯಾಗ ಬಂದಾಗ ಗಾಡ್ಯಾಗೇ ಕುಂತು ಜರಾ ಅತ್ತೆ, ಖರೇ ಹೇಳ್ತೀನಿ. ಚೀಲದ ಥಪ್ಪಿ ಮ್ಯಾಲಿಂದ ಬಿದ್ದು ತೊಡಿ ಎಲುಬು ಮುರದಿತ್ತು, ರಾಡ್ ಹಾಕ್ಯಾರ, ಇನ್ನಾ ಕ್ಲಚ್ ಒತ್ತಿದ್ರ ನೋವಾಗ್ತದ.

ಈ ಐದು ತಿಂಗಳು ಮನ್ಯಾಗ ಉಂಡಿದ್ದು ನಮ್ ಚರ್ಚಿನ ಧಾನ್ಯದ ಡ್ರಮ್ಮಿಂದು. ಅದಕ್ಕ ಥ್ಯಾಂಕ್ಸ್ ಅಂದು ಬಿಟ್ರ ಸಾಲಲ್ಲ, ಯಾಕಂದ್ರ ಆ ಡ್ರಮ್ಮಿಂದು ಒಂದು ಹಳೀ ಲೆಕ್ಕ ನನ್ನ ತಲಿ ಮ್ಯಾಲ ಅದ.

2020ರ ಲಾಕ್‌ಡೌನಿನಾಗ ಕಮಿಟಿ ರೊಕ್ಕ ನೋಡ್ಕೊಳ್ಳಾಂವ ನಾನೇ ಇದ್ದೆ. ಆ ವರ್ಷ ಈಸ್ಟರ್ ಏಪ್ರಿಲ್ 12ಕ್ಕ ಇತ್ತು, ಚರ್ಚಿಗಿ ಬೀಗ, ಮಂದಿಗಿ ಕೆಲ್ಸ ಇಲ್ಲ. ಕಿಟ್ ಹಂಚಿದ್ವಿ, ಮನಿಗೊಂದು ಕಿಟ್, ಎಲ್ಲಾರಿಗೂ ಸಮ, ಯಾರೂ ಬೆರಳು ಮಾಡಬಾರ್ದು ಅಂತ ನಾನೇ ರೂಲ್ ಮಾಡಿದ್ದೆ. ನಮ್ ಓಣ್ಯಾಗಿನ ಒಬ್ಬ ಆಯಿ ಬಂದು "ತಮ್ಮಾ, ನಾವ್ ಒಂಬತ್ತ್ ಮಂದಿ ಇದ್ದೀವೋ, ಬಾಜೂ ಮನ್ಯಾಗ ಇಬ್ಬರೇ" ಅಂದ್ಲು. ನಾ "ಆಯಿ, ರೂಲ್ ಅಂದ್ರ ರೂಲ್" ಅಂದೆ, ಅಂದು ಆಕಿ ಕೈಯಾಗ ಕಿಟ್ ಕೊಟ್ಟು ಫೋಟೋ ಬ್ಯಾರೆ ಹೊಡಸ್ಕೊಂಡೆ. ಆ ಕಿಟ್ಟಿನಾಗ ಹೆಚ್ಚಿಗಿ ಇದ್ದಿದ್ದು ಅಕ್ಕಿ, ಅನ್ನಭಾಗ್ಯದ ಅಕ್ಕಿ ಎಲ್ಲಾರ್ ಮನ್ಯಾಗೂ ಮೊದ್ಲೇ ಇತ್ತು, ಬೇಕಾಗಿದ್ದು ಎಣ್ಣಿ, ಬ್ಯಾಳಿ, ಬಿಪಿ ಗುಳಿಗಿಗಿ ರೊಕ್ಕ. ಕೇಳಿದ್ರ ಗೊತ್ತಾಗ್ತಿತ್ತು, ನಾವ್ ಕೇಳಲೇ ಇಲ್ಲ.

ಮುಂದ ನಮ್ ಚರ್ಚಿನ ಪಾಸ್ಟರ್ ಅಯ್ಯನೋರು ಒಂದ್ ಆದಿತ್ಯವಾರ ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತಗೊಂಡ್ರು. ಯೆರೂಸಲೇಮಿನ ಸಭೆಯಾಗ ದಿನಾ ಹಂಚೂದ್ರಾಗ ಗ್ರೀಕ್ ಮಾತಾಡೋ ವಿಧವೆಯರನ್ನ ಬಿಟ್ಟಿದ್ರು ಅಂತ ಗುಣುಗುಣು ಶುರು ಆಯ್ತು, ಆಗ ಏಳು ಮಂದೀನ ಆರಿಸಿದ್ರು. ಅಷ್ಟು ನಂಗೂ ಗೊತ್ತಿತ್ತು, ಸಂಡೇ ಸ್ಕೂಲಿನಾಗ ಬಾಯಿಪಾಠ ಮಾಡೀವಿ. ಅಯ್ಯನೋರು ಅಂದಿದ್ದು ಇಷ್ಟೇ, ಆ ಹೆಸರು ಓದ್ರಿ, ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ, ಏಳೂ ಗ್ರೀಕ್ ಹೆಸರೇ ಅವ. ಯಾರ ಮಂದಿಗಿ ಸಿಕ್ಕಿರಲಿಲ್ಲೋ ಅವ್ರ ಕೈಯಾಗೇ ಹಂಚೂ ಕೆಲ್ಸ ಕೊಟ್ಟಂಗಾಯ್ತು ಅಂತ. ನಾ ತಲಿ ಕೆಳಗ ಹಾಕ್ಕೊಂಡು ಕುಂತೆ. ಮುಂದಿನ ಮೀಟಿಂಗಿನಾಗ ಲಿಸ್ಟ್ ಬರಿಯೂ ಕೆಲ್ಸ ಆ ಆಯಿಗೇ ಹೋಯ್ತು. ಸಹಿ ಮಾಡ್ಲಾಕ ಬರಲ್ಲ ಆಕಿಗಿ, ಮೊಮ್ಮಗಳು ಬರೀತಾಳ, ಆಯಿ ಹೇಳ್ತಾಳ.

ಡ್ರಮ್ ಹಂಗೇ ಶುರು ಆಯ್ತು. ಹೆಣ್ಮಕ್ಕಳು ದಿನಾ ಅಡಗಿ ಮಾಡೂ ಮುಂದ ಒಂದು ಹಿಡಿ ತೆಗದು ಡಬ್ಬ್ಯಾಗ ಹಾಕೂದು, ತಿಂಗಳ ಮೊದಲನೇ ಆದಿತ್ಯವಾರ ತಂದು ಸುರುವೂದು. ಮಿಜೋರಾಮಿನ ಹೆಣ್ಮಕ್ಕಳು ಚರ್ಚಿನ ಕೆಲ್ಸಕ್ಕ 1910ರಿಂದ ಹಿಂಗೇ ಹಿಡಿ ಅಕ್ಕಿ ತೆಗದಿಡ್ತಾರಂತ, ನಮ್ಮಲ್ಲಿ ಜೋಳ. ಹಂಚೂದು ಮನಿ ಲೆಕ್ಕ ಅಲ್ಲ, ಬಾಯಿ ಲೆಕ್ಕ. ಫೋಟೋ ಇಲ್ಲ, ಮೈಕಿನಾಗ ಹೆಸರೂ ಇಲ್ಲ. (ಚರ್ಚಿನ ಸುಗ್ಗಿ ಹಬ್ಬದ ಹರಾಜಿನಾಗ ಒಂದು ಕುಂಬಳಕಾಯಿಗಿ ಎರಡು ಸಾವಿರ ಕೂಗಿ ಹೆಸರು ಹೇಳಸ್ಕೊಳ್ಳೂದು ಇನ್ನಾ ನಿಂತಿಲ್ಲ, ನಾನೂ ಕೂಗೀನಿ, ಆ ಮಾತು ಈಗ ಬ್ಯಾಡ.)

ನಾ ಬಿದ್ದ ಎಂಟನೇ ದಿನಕ್ಕ ಆಯಿ ಮನಿಗಿ ಬಂದ್ಲು, ಮೊಮ್ಮಗಳ ಕೈಯಾಗ ವಹಿ. ಕಟ್ಟಿ ಮ್ಯಾಲ ಕುಂತು ನೀರ್ ಕುಡದು ಎಣಿಸಿದ್ಲು. ನಾ, ನನ್ ಹೆಂಡ್ತಿ, ಎರಡು ಮಕ್ಕಳು, ಅವ್ವ. ಒಳಗ ತಂಗಿ ಮಕ್ಕಳಿಬ್ಬರ ಚಪ್ಪಲ್ ನೋಡಿ "ಏಳು ಬರಿ" ಅಂದ್ಲು. ನಾ ನಾಚಿಕೀಲೆ "ಆಯಿ, ಅವು ರಜಾಕ್ಕ ಬಂದಾವ, ಎಣಸಬ್ಯಾಡ, ಮಂದಿ ಏನರ ಅಂತಾರ" ಅಂದ್ರ "ಉಣ್ತಾವೋ ಇಲ್ಲೋ? ಲೆಕ್ಕ ನಾ ಮಾಡ್ತೀನಿ, ನೀ ಕಾಲ್ ಚಾಚ್ಕೊಂಡು ಸುಮ್ ಮಲ್ಕೊ" ಅಂದ್ಲು. ಆಮ್ಯಾಲ "ಜೋಳ ಬೇಕೋ ಗೋಧಿ ಬೇಕೋ, ಎಣ್ಣಿ ಎಷ್ಟ್ ಹತ್ತತದ" ಅಂತ ನನ್ ಹೆಂಡ್ತೀಗಿ ಕೇಳಿದ್ಲು. 2020ರ ಮಾತು ಒಂದಕ್ಷರ ತೆಗೀಲಿಲ್ಲ, ತೆಗದಿದ್ರೇ ನಂಗ್ ಹಗುರ ಆಗ್ತಿತ್ತೋ ಏನೋ.

ಆಯಿಗಿ, ವಹಿ ಬರದ ಕೂಸಿಗಿ, ಚೀಲ ಹೊತ್ಕೊಂಡು ಬಂದ ಹುಡುಗ್ರಿಗಿ, ನಮ್ ಹೆಸರೂ ಗೊತ್ತಿಲ್ದೆ ದಿನಾ ಹಿಡಿ ತೆಗದಿಟ್ಟ ಅಕ್ಕಂದಿರಿಗಿ, ಅತ್ತಿಯಂದಿರಿಗಿ ಭಾಳ ಭಾಳ ವಂದನೆ. ಈ ತಿಂಗಳಿಂದ ನಮ್ ಹೆಸರು ಲಿಸ್ಟಿನಿಂದ ತೆಗೀರಿ ಅಂತ ಆಯಿಗಿ ಹೇಳೀನಿ, "ಇನ್ನೊಂದ್ ತಿಂಗಳು ಇರ್ಲಿ, ನೋಡಮ್ಮ" ಅಂದಾಳ, ವಾದ ನಡದದ. ಡ್ರಮ್ಮಿನ ಚೀಲ ಮನಿಮನಿಗಿ ಮುಟ್ಟಸ್ಲಾಕ ಇನ್ಮ್ಯಾಲ ನನ್ ಗಾಡಿ ಬರ್ತದ, ಬಾಡಿಗಿ ಬ್ಯಾಡ. ಡೀಸೆಲ್ ರೊಕ್ಕ ಕೊಟ್ರ ಒಲ್ಲೆ ಅನ್ನಲ್ಲ ಮತ್ತ.