ಮಗಳಿಗೊಂದು ಪತ್ರ: ಬಿಂದು ಇಡುವ ಮೊದಲು

ಹನುಮಂತನಗರ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಏಳನೇ ತರಗತಿಗೆ ದಶಮಾಂಶಗಳ ಗುಣಾಕಾರ ಶುರು ಮಾಡಿದ್ದೀಯ, ಎಷ್ಟು ಸಲ ನಿಯಮ ಹೇಳಿದರೂ ಮಕ್ಕಳು 0.3 × 0.2 = 0.6 ಅಂತಲೇ ಬರೆಯುತ್ತಾರೆ ಅಂದೆ. ಅಂಕಿಗಳ ವಿಷಯವನ್ನು ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿ ಮುಗಿಸೋದು ಕಷ್ಟ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಷ್ಟು ವರ್ಷ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದವಳಿಗೆ ಈ ಪಾಠದ ಮೇಲೆ ವಿಶೇಷ ಪ್ರೀತಿ. ಮಗ್ಗಿ ಬಂದರೆ ಲೆಕ್ಕ ಬಂತು ಅಂದುಕೊಂಡಿದ್ದ ಮಕ್ಕಳು ಮೊದಲ ಸಲ ನಿಂತು ಯೋಚಿಸಬೇಕಾಗಿ ಬರುವುದು ಇಲ್ಲೇ.

ಮೊದಲನೆಯದಾಗಿ, 0.6 ಅಂತ ಬರೆದ ಮಗು ಗಮನ ಕೊಡದೆ ಬರೆದಿದೆ ಅಂತ ತಿಳಿಯಬೇಡ. ಹಿಂದಿನ ಪಾಠದಲ್ಲಿ ನೀನೇ ಬಿಂದುವಿನ ಕೆಳಗೆ ಬಿಂದು ಬರಲಿ ಅಂತ ಹೇಳಿ 0.3 + 0.2 = 0.5 ಮಾಡಿಸಿದ್ದೀಯ. ಅಲ್ಲಿ ಬಿಂದು ನೇರ ಕೆಳಗಿಳಿಯಿತು. ಇಲ್ಲೂ ಇಳಿಯುತ್ತದೆ ಅಂತ ಮಗು ಎಣಿಸಿದ್ದು ಸಹಜವೇ. ಅದರ ಯೋಚನೆಗೆ ಯೋಚನೆಯಿಂದಲೇ ಉತ್ತರ ಹೇಳಬೇಕು, ಇನ್ನೊಂದು ನಿಯಮದಿಂದಲ್ಲ. ಬಿಂದುವಿನ ಬಲಕ್ಕಿರುವ ಸ್ಥಾನಗಳನ್ನು ಎಣಿಸಿ ಕೂಡಿಸು, ಗುಣಲಬ್ಧದಲ್ಲಿ ಬಲದಿಂದ ಅಷ್ಟೇ ಸ್ಥಾನ ಬಿಟ್ಟು ಬಿಂದು ಇಡು ಅನ್ನುವ ನಿಯಮ ಸರಿಯೇ, ನೂರಕ್ಕೆ ನೂರು ಸರಿ. ಆದರೆ ಅದು ಪಾಠದ ಕೊನೆಗೆ ಬರಬೇಕಾದ್ದು, ಅದೂ ಮಕ್ಕಳ ಬಾಯಿಂದಲೇ. ಮೊದಲ ದಿನವೇ ಹೇಳಿಬಿಟ್ಟರೆ ಅವರು ಸಂಖ್ಯೆ ನೋಡೋದನ್ನು ಬಿಟ್ಟು ಸ್ಥಾನ ಎಣಿಸೋಕೆ ಕೂರುತ್ತಾರೆ.

ಹಾಗಾದರೆ ಮೊದಲು ಏನು? ಉತ್ತರ ಎಷ್ಟರ ಆಸುಪಾಸು ಬರಬೇಕು ಅಂತ ಕೇಳು. ಬೋರ್ಡಿನ ಮೇಲೆ 2.4 × 1.2 ಬರೆ, ಪೆನ್ಸಿಲ್ ಮುಟ್ಟಲು ಬಿಡಬೇಡ. ಒಂದು ಪೂರ್ತಿ 2.4, ಅದರ ಮೇಲೆ ಇನ್ನೊಂದು ಸ್ವಲ್ಪ. ಎರಡೂವರೆಗಿಂತ ಹೆಚ್ಚು, ನಾಲ್ಕಕ್ಕಂತೂ ಹೋಗಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಮೇಲೆ 24 × 12 = 288 ಮಾಡಿಸು. 28.8ಕ್ಕೆ ಅಲ್ಲಿ ಜಾಗವೇ ಇಲ್ಲ, 0.288 ತೀರಾ ಕಡಿಮೆ. 2.88 ಒಂದೇ ಉಳಿಯಿತು. ಬಿಂದು ಎಲ್ಲಿ ಅಂತ ನೀನು ಹೇಳಲಿಲ್ಲ, ಸಂಖ್ಯೆಯ ಗಾತ್ರವೇ ಹೇಳಿತು.

ಇದಕ್ಕಿಂತ ಗಟ್ಟಿಯಾದ ಅಡ್ಡಿ ಇನ್ನೊಂದಿದೆ. ಎರಡನೇ ತರಗತಿಯಿಂದ ಮಕ್ಕಳು ನೋಡಿಕೊಂಡು ಬಂದಿರೋದು ಗುಣಿಸಿದರೆ ದೊಡ್ಡದಾಗುವುದನ್ನೇ. ಆ ನಂಬಿಕೆಯನ್ನು ಮಾತಿನಲ್ಲಿ ಅಲ್ಲಾಡಿಸಲು ಆಗುವುದಿಲ್ಲ. ಗಾಂಧಿಬಜಾರಿನ ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ನೆನಪು ಮಾಡಿಸು. ಅದರಲ್ಲಿ ಮೂರು ಕಿಟಕಿ: ತೂಕ, ದರ, ಮೊತ್ತ. ಕಿಲೋಗೆ 60 ರೂಪಾಯಿಯ ಹುರುಳಿಕಾಯಿ 350 ಗ್ರಾಂ ಹಾಕಿದರೆ ಕಾಣುವುದು 0.350, 60.00, 21.00. ಆ ಯಂತ್ರ ಗುಣಿಸಿದ್ದೇ ಹೊರತು ಬೇರೇನೂ ಮಾಡಿಲ್ಲ, ಆದರೂ 60 ಹೋಗಿ 21 ಆಯಿತು. ಒಂದು ಕಿಲೋಗೆ 60 ಆದರೆ ಒಂದಕ್ಕಿಂತ ಕಡಿಮೆಗೆ 60ಕ್ಕಿಂತ ಕಡಿಮೆ, ಒಂದಕ್ಕಿಂತ ಹೆಚ್ಚಿಗೆ 60ಕ್ಕಿಂತ ಹೆಚ್ಚು. ಪ್ರತಿ ಲೆಕ್ಕಕ್ಕೂ ಮುಂಚೆ ಈ ಒಂದು ಪ್ರಶ್ನೆ ಕೇಳು: ಗುಣಕ ಒಂದಕ್ಕಿಂತ ದೊಡ್ಡದೋ ಚಿಕ್ಕದೋ? ಇದು ಮನಸ್ಸಿಗೆ ಇಳಿಯದ ಮಗು ಹುರುಳಿಕಾಯಿ ಲೆಕ್ಕದಲ್ಲಿ, ಉತ್ತರ ಚಿಕ್ಕದಾಗಬೇಕು ಅನ್ನುವ ಕಾರಣಕ್ಕೇ 60ನ್ನು 0.35ರಿಂದ ಭಾಗಿಸುತ್ತದೆ. ಸಿಕ್ಕುವುದು 171ಕ್ಕೂ ಮೇಲೆ! ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ತರಕಾರಿಗೆ ಅಷ್ಟು ದುಡ್ಡು ಕೊಡ್ತೀಯಾ ಅಂತ ಕೇಳಿದರೆ ಸಾಕು, ತಾನೇ ಅಳಿಸುತ್ತದೆ.

ಆದರೆ ದುಡ್ಡಿನ ಉದಾಹರಣೆಯನ್ನು ಇಷ್ಟಕ್ಕೇ ನಿಲ್ಲಿಸು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಾಲದ ಮಕ್ಕಳಿಗೆ ಹತ್ತು ಪೈಸೆ, ಇಪ್ಪತ್ತೈದು ಪೈಸೆ ಕೈಯಲ್ಲಿ ಹಿಡಿಯುವ ವಸ್ತುವಾಗಿತ್ತು. 1957ರ ಏಪ್ರಿಲ್ 1ರಂದು ಹದಿನಾರಾಣೆ ಹೋಗಿ ರೂಪಾಯಿಗೆ ನೂರು ನಯಾ ಪೈಸೆ ಬಂದ ಮೇಲೆ ಅಂಗಡಿಬೀದಿಯೇ ದಶಮಾಂಶದ ಪಾಠಶಾಲೆ ಆಗಿತ್ತು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರಲ್ಲಿ ನಿಂತಿತು. ನಿನ್ನ ತರಗತಿಯ ಮಕ್ಕಳು ಅವನ್ನು ನೋಡಿಯೇ ಇಲ್ಲ, ಎಲ್ಲ ಕ್ಯೂಆರ್ ಕೋಡಿನಲ್ಲೇ ಮುಗಿಯುತ್ತದೆ. ಇನ್ನೊಂದು, ದುಡ್ಡನ್ನು ದುಡ್ಡಿನಿಂದ ಗುಣಿಸುವುದಕ್ಕೆ ಅರ್ಥವೇ ಇಲ್ಲ. 30 ಪೈಸೆ ಗುಣಿಸು 20 ಪೈಸೆ ಅಂದರೆ ಏನು? ಉದ್ದವನ್ನು ಅಗಲದಿಂದ ಗುಣಿಸಿದರೆ ಜಾಗ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಮಕ್ಕಳನ್ನು ನೆಲಕ್ಕೆ ಇಳಿಸು.

ತರಗತಿಯ ನೆಲದ ಮೇಲೆ ಟೇಪು ಹಿಡಿದು ಸೀಮೆಸುಣ್ಣದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಸು. ಪ್ರತಿ ಬದಿಯನ್ನೂ ಹತ್ತು ಭಾಗ ಮಾಡಿ ಗೆರೆ ಎಳೆದರೆ ನೂರು ಮನೆಗಳು. ಈಗ 0.3 ಮೀಟರ್ ಉದ್ದ, 0.2 ಮೀಟರ್ ಅಗಲದ ತುಂಡನ್ನು ಬಣ್ಣದ ಸುಣ್ಣದಿಂದ ತುಂಬಿಸು. ಆರು ಮನೆ. ಆರು ಮನೆ ಅಂದರೆ ನೂರರಲ್ಲಿ ಆರು, 0.06. 0.6 ಅಂದ ಹುಡುಗನನ್ನೇ ಕರೆದು, 0.6 ಎಷ್ಟು ಮನೆ ತೋರಿಸು ಅನ್ನು. ಅರವತ್ತು ಮನೆ, ಆರು ಸಾಲು ತುಂಬಬೇಕಾಗುತ್ತದೆ. ಯಾರೂ ತಪ್ಪು ಅನ್ನಬೇಕಿಲ್ಲ, ಅವನೇ ಎರಡನ್ನೂ ನೋಡುತ್ತಾನೆ. ಹತ್ತನೇ ಒಂದು ಭಾಗದಲ್ಲಿ ಹತ್ತನೇ ಒಂದು ಭಾಗ ತೆಗೆದರೆ ನೂರನೇ ಒಂದು ಭಾಗ. ದಶಾಂಶವನ್ನು ದಶಾಂಶದಿಂದ ಗುಣಿಸಿದರೆ ಶತಾಂಶ. ಇಡೀ ಪಾಠದ ಜೀವ ಇದೇ, ಪುಟ್ಟೀ. ನಮ್ಮ ತಾತ ಕಾಲಿನಲ್ಲಿ ಕಾಲು ವೀಸ ಅಂತ ಬಾಯಲ್ಲೇ ಹೇಳುತ್ತಿದ್ದರು. ಅದೇ 0.25 × 0.25 = 0.0625, ಹದಿನಾರರಲ್ಲಿ ಒಂದು ಪಾಲು.

ಅದೇ ನೆಲದ ಮೇಲೆ ಚೌಕವನ್ನು ಸ್ವಲ್ಪ ಬೆಳೆಸಿ 1.2 × 1.3 ಮಾಡಿಸು. ತುಂಬ ಮಕ್ಕಳು ಒಂದೊಂದ್ಲ ಒಂದು, ಎರಡ್ಮೂರ್ಲ ಆರು ಅಂತ 1.6 ಅಥವಾ 1.06 ಬರೆಯುತ್ತಾರೆ. ನೆಲದ ಮೇಲೆ ಕಾಣುವುದು ನಾಲ್ಕು ತುಂಡು: ಪೂರ್ತಿ ಚೌಕ 1, ಒಂದು ಬದಿಯ ಪಟ್ಟಿ 0.2, ಇನ್ನೊಂದು ಬದಿಯ ಪಟ್ಟಿ 0.3, ಮೂಲೆಯ ತುಂಡು 0.06. ಒಟ್ಟು 1.56. ಮಕ್ಕಳು ಮರೆತಿದ್ದು ಆ ಎರಡು ಪಟ್ಟಿಗಳನ್ನು. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಹೋದರೂ ಹೋಗಲಿ. ಮುಂದೆ ಬೀಜಗಣಿತದಲ್ಲಿ ಆವರಣಗಳನ್ನು ಗುಣಿಸುವಾಗ ಇದೇ ನಾಲ್ಕು ತುಂಡು ಮತ್ತೆ ಬರುತ್ತವೆ.

ಇನ್ನು ಬೆಂಗಳೂರಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲದ ಅಳತೆ ಒಂದಿದೆ, ಥರ್ಟಿ-ಫಾರ್ಟಿ ಸೈಟು. ಮನೆಯಲ್ಲಿ, ಬಸ್ಸಿನಲ್ಲಿ, ಜಾಹೀರಾತಿನಲ್ಲಿ ಕೇಳಿ ಕೇಳಿ ಎಲ್ಲರಿಗೂ 1200 ಚದರಡಿ ಬಾಯಿಪಾಠ. ಅದನ್ನು ಮೀಟರಿಗೆ ತರಲು ಹೇಳು. ಒಂದು ಅಡಿ ಅಂದರೆ 0.3048 ಮೀಟರ್, ಇದು ಅಂದಾಜಲ್ಲ, ಕರಾರುವಾಕ್ಕು. 30 ಅಡಿ 9.144 ಮೀಟರ್, 40 ಅಡಿ 12.192 ಮೀಟರ್. ಮೊದಲು ಅಂದಾಜು: 9 × 12 = 108, ಅದಕ್ಕಿಂತ ಸ್ವಲ್ಪ ಹೆಚ್ಚು. ಆಮೇಲೆ ಬಿಂದು ಮರೆತು 9144 × 12192. ಕೈಯಲ್ಲೇ ಮಾಡಲಿ, ಉದ್ದ ಇದ್ದರೂ ಪರವಾಗಿಲ್ಲ. ಬರುವುದು 111483648. ಅಂದಾಜು ಕೈಯಲ್ಲಿರುವುದರಿಂದ ಬಿಂದು 111ರ ಮುಂದೆಯೇ ಬೀಳಬೇಕು: 111.483648 ಚದರ ಮೀಟರ್.

ಈಗ ಕೇಳು, ಬಿಂದುವಿನ ಮುಂದೆ ಆರು ಅಂಕಿ ಯಾಕೆ ಬಂದವು? 9144 ಅಂದರೆ ಮಿಲಿಮೀಟರ್‌ನಲ್ಲಿ ಉದ್ದ, 12192 ಅಂದರೆ ಮಿಲಿಮೀಟರ್‌ನಲ್ಲಿ ಅಗಲ. ಗುಣಿಸಿದಾಗ ಬಂದಿದ್ದು ಚದರ ಮಿಲಿಮೀಟರ್. ಒಂದು ಚದರ ಮೀಟರಿನಲ್ಲಿ ಸಾವಿರ ಸಾಲು, ಸಾಲಿಗೆ ಸಾವಿರ, ಅಂದರೆ ಹತ್ತು ಲಕ್ಷ ಚದರ ಮಿಲಿಮೀಟರ್. ಹತ್ತು ಲಕ್ಷದಿಂದ ಭಾಗಿಸಿದರೆ ಆರು ಸ್ಥಾನ ಸರಿಯಿತು. ಕೊನೆಯ ಆ 8 ಅಂದರೆ ಎಂಟು ಚದರ ಮಿಲಿಮೀಟರ್, ಉಗುರಿನ ತುದಿಯಷ್ಟೂ ಇಲ್ಲದ ಜಾಗ. ಮೂರು ಸ್ಥಾನ, ಮೂರು ಸ್ಥಾನ, ಸೇರಿ ಆರು ಅಂತ ಯಾವುದಾದರೂ ಮಗು ಹೇಳಿದ ಕ್ಷಣ ಅದರ ಮಾತನ್ನೇ ಬೋರ್ಡಿನ ಮೇಲೆ ಬರೆ. ಅದೇ ನಿಯಮ, ನೀನು ಹೇಳದೇ ಬಂದಿದ್ದು.

ಸ್ವಲ್ಪ ಚರಿತ್ರೆಯನ್ನೂ ಹೇಳು. 1585ರಲ್ಲಿ ಸೈಮನ್ ಸ್ಟೆವಿನ್ ಅನ್ನುವ ಫ್ಲೆಮಿಶ್ ಗಣಿತಜ್ಞ ದಶಮಾಂಶಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಬರೆದಿದ್ದು ಭೂಮಿ ಅಳೆಯುವವರಿಗೆ, ಬಟ್ಟೆ ಅಳೆಯುವವರಿಗೆ, ಟಂಕಸಾಲೆಯವರಿಗೆ, ವ್ಯಾಪಾರಿಗಳಿಗೆ. ಅವನ ಬರಹದಲ್ಲಿ ಬಿಂದು ಇರಲಿಲ್ಲ. ಅಂಕಿಯ ಜೊತೆಗೆ ಸುತ್ತು ಹಾಕಿದ ಗುರುತು ಇಡುತ್ತಿದ್ದ: ಬಿಡಿಗೆ 0, ದಶಾಂಶಕ್ಕೆ 1, ಶತಾಂಶಕ್ಕೆ 2. ಅವನೇ ಕೊಟ್ಟ ಲೆಕ್ಕ 32.57 × 89.46. ಎರಡರ ಕೊನೆಯ ಗುರುತೂ 2, ಕೂಡಿಸಿದರೆ 4, ಹಾಗಾಗಿ ಉತ್ತರದ ಕೊನೆಯ ಅಂಕಿಯ ಗುರುತು 4: 2913.7122. ಇದು ಸರಿ ಅಂತ ಸಾಧಿಸಿ ತೋರಿಸಲು ಅವನು ಹೋಗಿದ್ದು ಭಿನ್ನರಾಶಿಗೇ. ನೂರರಲ್ಲಿ 3257, ನೂರರಲ್ಲಿ 8946, ಛೇದ ಗುಣಿಸಿದರೆ ಹತ್ತು ಸಾವಿರ. ನಿನ್ನ ತರಗತಿಯಲ್ಲಿ ಜಾಣರು ಕೆಲವರಿಗೆ ನೆಲದ ಚೌಕಕ್ಕಿಂತ ಈ ದಾರಿ ಹಿಡಿಸಬಹುದು, ಅವರನ್ನು ತಡೆಯಬೇಡ.

ಸೊನ್ನೆಯ ಹತ್ತಿರ ಮಾತ್ರ ಎಚ್ಚರ. 0.03 × 0.2ರಲ್ಲಿ ಇರುವುದು ಒಂದೇ 6, ಮೂರು ಸ್ಥಾನಕ್ಕೆ ಎರಡು ಸೊನ್ನೆ ತುಂಬಬೇಕು ಅಂತ ತೋಚದೆ 0.06 ಅಂತಾರೆ. ಶತಾಂಶದಲ್ಲಿ ದಶಾಂಶ, ಹಾಗಾಗಿ ಸಹಸ್ರಾಂಶ, 0.006. ಇದಕ್ಕೆ ತಿರುವುಮುರುವು 2.5 × 0.4. ಇಪ್ಪತ್ತೈದು ನಾಲ್ಕಲಿ ನೂರು, ಎರಡು ಸ್ಥಾನ, 1.00. ಮಗು ಕೊನೆಯ ಸೊನ್ನೆಗಳನ್ನು ಮೊದಲೇ ಹೊಡೆದುಹಾಕಿ ಆಮೇಲೆ ಸ್ಥಾನ ಎಣಿಸಿದರೆ 0.01 ಆಗಿಬಿಡುತ್ತದೆ. ಬಿಂದು ಇಟ್ಟ ಮೇಲೆ ಸೊನ್ನೆ ಬಿಡು, ಅದಕ್ಕೂ ಮುಂಚೆ ಬೇಡ. ಹತ್ತರಿಂದ ಗುಣಿಸಿದರೆ ಸೊನ್ನೆ ಸೇರಿಸು ಅನ್ನುವ ಹಳೇ ಪಾಠವನ್ನೂ ಇಲ್ಲೇ ಬಿಡಿಸು. 2.5 × 10ಕ್ಕೆ 2.50 ಬರೆಯುವ ಮಕ್ಕಳು ಇದ್ದೇ ಇರುತ್ತಾರೆ. ಅಂಕಿಗಳು ಒಂದೊಂದು ಸ್ಥಾನ ಎಡಕ್ಕೆ ಹೋಗುತ್ತವೆ, ಬಿಂದು ಬಿಡಿಸ್ಥಾನದ ಪಕ್ಕದಲ್ಲೇ ಇರುತ್ತದೆ.

ಅಭ್ಯಾಸಕ್ಕೆ ಲೆಕ್ಕಗಳ ರಾಶಿ ಹಾಕಬೇಡ. 38 × 47 = 1786 ಅಂತ ನೀನೇ ಬರೆದುಕೊಟ್ಟು, 3.8 × 4.7, 0.38 × 4.7, 38 × 0.47, 0.038 × 470 ಎಷ್ಟೆಷ್ಟು ಅಂತ ಕೇಳು. ಗುಣಾಕಾರ ಮಾಡುವ ಹಾಗಿಲ್ಲ. ಮೂರರ ಉತ್ತರ ಒಂದೇ ಬರುತ್ತದೆ, ಯಾಕೆ ಅಂತ ಜಗಳ ಶುರುವಾಗುತ್ತದೆ. ಜಗಳ ಆಡಲಿ, ನೀನು ಮಧ್ಯೆ ಹೋಗಬೇಡ.

ಕಿರುಪರೀಕ್ಷೆಯಲ್ಲಿ ಪ್ರತಿ ಲೆಕ್ಕದ ಪಕ್ಕ ಅಂದಾಜಿಗೆ ಒಂದು ಖಾನೆ ಬಿಡು, ಅದಕ್ಕೂ ಅರ್ಧ ಅಂಕ ಇರಲಿ. ಅಂಕ ಇಲ್ಲದಿದ್ದರೆ ಯಾರೂ ಬರೆಯಲ್ಲ. ತಪ್ಪಾದ ಹಾಳೆಗಳನ್ನು ಭಾನುವಾರ ಬರುವಾಗ ತಗೊಂಡು ಬಾ, ಇಬ್ಬರೂ ಕೂತು ನೋಡೋಣ. ಅಪ್ಪ ಹಳೆಯ ಮರದ ಮೀಟರ್ ಕೋಲು ಹುಡುಕಿ ಒರೆಸಿಟ್ಟಿದ್ದಾರೆ, ಹೋಗುವಾಗ ಅದನ್ನೂ ತಗೊಂಡು ಹೋಗು.

ನಿನ್ನ
ಅಮ್ಮ